ಶಾಲೆಯ ಜಾಲತಾಣವನ್ನು ಎಲ್ಲಿ ಇಡಬೇಕು? ಹುಡುಕುವವರಿಗೆ ಅದು ಹೇಗೆ ಸಿಗುತ್ತದೆ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಗೆ ತನ್ನದೇ ಆದ ಒಂದು ಜಾಲತಾಣ ಇರಬೇಕೆಂದು ಹಳೆಯ ವಿದ್ಯಾರ್ಥಿಗಳು ಸಂಕಲ್ಪಿಸಿರುವುದು ಬಹಳ ಸಂತೋಷದ ಸಂಗತಿ. ಈ ವಿಷಯ ಚರ್ಚೆಗೆ ಬಂದಾಗಲೆಲ್ಲ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬಂದಿದೆ: ಜಾಲತಾಣವನ್ನು ಎಲ್ಲಿ ಇಡಬೇಕು? ಬೆಂಗಳೂರಿನಲ್ಲಿ ಇಟ್ಟರೆ ಕರ್ನಾಟಕದವರಿಗೆ ಬೇಗ ಕಾಣಿಸೀತು ಎಂದು ಕೆಲವರ ಅಭಿಪ್ರಾಯ. ನಾವು ತಮಿಳುನಾಡಿನವರಾದ್ದರಿಂದ ಚೆನ್ನೈಯಲ್ಲೇ ಇರಲಿ ಎಂದು ಇನ್ನು ಕೆಲವರು. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನಮ್ಮ ಹುಡುಗರು ಅಲ್ಲಿಯ ಯಂತ್ರದಲ್ಲಿ ತಾವೇ ಜಾಗ ಕೊಡಿಸಲು ಮುಂದೆ ಬಂದಿದ್ದಾರೆ. ಯಂತ್ರ ಭಾರತದಲ್ಲಿದ್ದರೆ ಗೂಗಲಿನಲ್ಲಿ ನಿಮ್ಮ ಶಾಲೆಯೇ ಮೊದಲನೆಯದಾಗಿ ಬರುತ್ತದೆಂದು ಹೇಳಿ ಹೆಚ್ಚಿನ ಹಣ ಕೇಳುವ ವ್ಯಾಪಾರಿಗಳೂ ಇಲ್ಲದಿಲ್ಲ.

ಚಂದಾ ಎತ್ತಿದ ಹಣ ವ್ಯರ್ಥವಾಗಬಾರದು. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಹೊಸೂರಿನ ಕಾರ್ಖಾನೆಗಳಿಗೆ ಕೆಲಸಕ್ಕೆಂದು ಬರುವ ಕನ್ನಡ ಕುಟುಂಬವೊಂದು ಮಗುವನ್ನು ಶಾಲೆಗೆ ಸೇರಿಸಬೇಕಾದಾಗ ಈಗ ಮೊದಲು ಕೇಳುವುದು ಕೈಯಲ್ಲಿರುವ ಫೋನನ್ನು. ಈ ಭಾಗದಲ್ಲಿ ಕನ್ನಡ ಶಾಲೆ ಇದೆಯೆಂಬುದು ಅಲ್ಲಿ ಕಾಣದಿದ್ದರೆ, ಆ ಕುಟುಂಬದ ಮಟ್ಟಿಗೆ ನಾವು ಇಲ್ಲವೇ ಇಲ್ಲ. ಮಗು ಬೇರೆ ಶಾಲೆಗೆ ಹೋಗುತ್ತದೆ. ಗಡಿನಾಡಿನ ಕನ್ನಡ ಶಾಲೆಗೆ ಒಂದೊಂದು ಮಗುವೂ ಲೆಕ್ಕಕ್ಕೆ ಬರುವ ಈ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. ಆದುದರಿಂದ ಈ ವಿದ್ಯೆಯನ್ನು ಬಲ್ಲ ಹಳೆಯ ವಿದ್ಯಾರ್ಥಿಗಳಿಂದ ಕೇಳಿ, ಓದಿ ತಿಳಿದುಕೊಂಡುದನ್ನು ಎಲ್ಲರಿಗೂ ಅರ್ಥವಾಗುವಂತೆ ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

ಯಂತ್ರ ಬೇರೆ, ವಿಳಾಸ ಬೇರೆ

ಜಾಲತಾಣವೆಂದರೆ ಬರಹ ಮತ್ತು ಚಿತ್ರಗಳ ಒಂದು ಕಡತ. ಅದನ್ನು ಹಗಲಿರುಳೂ ಚಾಲನೆಯಲ್ಲಿರುವ ಒಂದು ಗಣಕಯಂತ್ರದಲ್ಲಿ ಇಡಬೇಕು. ಅದಕ್ಕೆ ಸರ್ವರ್ ಎಂದು ಹೆಸರು. ಅದರಲ್ಲಿ ಬಾಡಿಗೆಗೆ ಸ್ಥಳ ಪಡೆಯುವುದೇ ಹೋಸ್ಟಿಂಗ್. ಯಂತ್ರ ಮುಂಬೈಯಲ್ಲಿರಬಹುದು, ಸಿಂಗಪುರದಲ್ಲಿರಬಹುದು, ಅಮೆರಿಕದ ವರ್ಜೀನಿಯಾದಲ್ಲಿರಬಹುದು. ಅಮೆಜಾನ್ ಸಂಸ್ಥೆ 2016ರಲ್ಲಿಯೂ ಗೂಗಲ್ 2017ರಲ್ಲಿಯೂ ಮುಂಬೈಯಲ್ಲಿ ಇಂಥ ಬಾಡಿಗೆ ಯಂತ್ರಗಳ ಕೇಂದ್ರಗಳನ್ನು ತೆರೆದವು. ಆದ್ದರಿಂದ ಭಾರತದಲ್ಲಿ ಸ್ಥಳ ಸಿಗುವುದು ಈಗ ಕಷ್ಟವಲ್ಲ.

ವಿಳಾಸವೆಂಬುದು ಬೇರೆಯೇ ವಸ್ತು. ಡಾಟ್ ಕಾಂ, ಡಾಟ್ ಆರ್ಗ್, ಡಾಟ್ ಇನ್ ಎಂದು ಕೊನೆಗೊಳ್ಳುವ ಹೆಸರನ್ನು ಡೊಮೈನ್ ಎನ್ನುತ್ತಾರೆ. ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆಯುಂಟು. ನಾವು ಹೆಸರನ್ನು ಬರೆದರೆ, ಆ ಹೆಸರು ಯಾವ ಸಂಖ್ಯೆಯ ಯಂತ್ರಕ್ಕೆ ಸೇರಿದ್ದೆಂದು ಹುಡುಕಿ ಕೊಡುವ ವ್ಯವಸ್ಥೆ ಅಂತರ್ಜಾಲದಲ್ಲಿದೆ. ಬಾಡಿಗೆ ಮನೆಯನ್ನು ಬದಲಾಯಿಸಿದವನು ಅಂಚೆ ಕಚೇರಿಗೆ ಹೊಸ ಮನೆಯ ಗುರುತು ತಿಳಿಸಿಬಿಟ್ಟರೆ ಹಳೆಯ ಹೆಸರಿಗೆ ಬರೆದ ಕಾಗದಗಳು ತಪ್ಪದೆ ಬರುವ ಹಾಗೆ, ಯಂತ್ರ ಬದಲಾದರೂ ಹೆಸರು ಅದೇ ಆಗಿರಬಹುದು. ಇಂದು ಅಮೆರಿಕದಲ್ಲಿರುವ ತಾಣವನ್ನು ನಾಳೆ ಮುಂಬೈಗೆ ತಂದರೆ ನೋಡುವವರಿಗೆ ಅದು ತಿಳಿಯುವುದೂ ಇಲ್ಲ. ಆದರೆ ಹೆಸರನ್ನು ಕಳೆದುಕೊಂಡರೆ ಅದುವರೆಗೆ ಗಳಿಸಿದ ಪರಿಚಯವೆಲ್ಲ ಹೋದಂತೆಯೇ ಸರಿ.

ಶೋಧಯಂತ್ರ ಹುಡುಕುವ ಬಗೆ

ಗೂಗಲಿನಂಥ ಶೋಧಯಂತ್ರ ನಾವು ಪ್ರಶ್ನೆ ಕೇಳಿದ ಮೇಲೆ ಜಗತ್ತನ್ನೆಲ್ಲ ಹುಡುಕಲು ಹೊರಡುವುದಿಲ್ಲ. ಅದರ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಒಂದು, ಅದರ ತಂತ್ರಾಂಶವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿ ಹಿಡಿದು ಜೇಡದಂತೆ ಸಂಚರಿಸಿ ಪುಟಗಳನ್ನು ಓದುತ್ತದೆ. ಎರಡು, ಓದಿದ್ದನ್ನು ಪುಸ್ತಕದ ಕೊನೆಯ ಪದಸೂಚಿಯ ಹಾಗೆ ಬರೆದಿಟ್ಟುಕೊಳ್ಳುತ್ತದೆ. ಯಾವ ಪದ ಯಾವ ಪುಟಗಳಲ್ಲಿದೆಯೆಂಬುದು ಅದರಲ್ಲಿರುತ್ತದೆ. ಮೂರು, ಪ್ರಶ್ನೆ ಬಂದೊಡನೆ ಆ ಸೂಚಿಯನ್ನು ನೋಡಿ, ಉತ್ತರವಾಗಬಲ್ಲ ಪುಟಗಳನ್ನು ಯೋಗ್ಯತಾನುಸಾರ ಒಂದರ ಕೆಳಗೊಂದು ಜೋಡಿಸಿ ತೋರಿಸುತ್ತದೆ.

ಈ ಯೋಗ್ಯತೆಯನ್ನು ಅಳೆಯುವ ಒಂದು ಬಗೆಯನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬವರು ಕಂಡುಹಿಡಿದು 1998ರಲ್ಲಿ ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದರು. ಒಂದು ಪುಟಕ್ಕೆ ಎಷ್ಟು ಬೇರೆ ಪುಟಗಳು ಕೊಂಡಿ ಕೊಟ್ಟಿವೆ, ಹಾಗೆ ಕೊಟ್ಟವುಗಳ ಘನತೆಯೇನು ಎಂಬುದನ್ನು ನೋಡಿ ಆ ಪುಟದ ಘನತೆಯನ್ನು ನಿರ್ಧರಿಸುವುದು ಅವರ ಕ್ರಮ. ನಾಲ್ಕು ಜನ ದೊಡ್ಡವರು ಗೌರವಿಸುವ ವ್ಯಕ್ತಿಯನ್ನು ಊರೂ ಗೌರವಿಸುವಂತೆ. ಅಂದಿನಿಂದ ಇನ್ನೂ ಬಹಳಷ್ಟು ಅಂಶಗಳು ಸೇರಿಕೊಂಡಿವೆಯಾದರೂ, ಕೇಳಿದ ಪ್ರಶ್ನೆಗೂ ಪುಟದ ವಿಷಯಕ್ಕೂ ಇರುವ ಹೊಂದಿಕೆ ಮತ್ತು ಇತರರು ಕೊಟ್ಟ ಮನ್ನಣೆ, ಇವೆರಡರ ಸ್ಥಾನ ಇಂದಿಗೂ ಹಿರಿದು.

ಯಂತ್ರವಿರುವ ಸ್ಥಳಕ್ಕೆ ಎಷ್ಟು ಬೆಲೆ?

ಈಗ ನಮ್ಮ ಪ್ರಶ್ನೆಗೆ ಬರೋಣ. ಒಂದು ತಾಣವು ಯಾವ ದೇಶದ ಓದುಗರಿಗಾಗಿ ಇದೆಯೆಂದು ಊಹಿಸಲು ಗೂಗಲ್ ಹಲವು ಗುರುತುಗಳನ್ನು ನೋಡುತ್ತದೆ. ಯಂತ್ರವಿರುವ ಸ್ಥಳವೂ ಅವುಗಳಲ್ಲಿ ಒಂದು. ಆದರೆ ಅದು ಖಚಿತವಾದ ಗುರುತಲ್ಲವೆಂದು ಆ ಸಂಸ್ಥೆಯೇ ತನ್ನ ಮಾರ್ಗದರ್ಶಿಯಲ್ಲಿ ಹೇಳಿದೆ. ಕಾರಣ ಸರಳ. ಉತ್ತಮ ಸೌಕರ್ಯವಿದೆಯೆಂದು ಎಷ್ಟೋ ಜನ ಪರದೇಶದ ಯಂತ್ರದಲ್ಲಿ ತಾಣವನ್ನು ಇಡುತ್ತಾರೆ; ಇನ್ನು ಕೆಲವರ ತಾಣಗಳ ಪ್ರತಿಗಳು ಏಕಕಾಲದಲ್ಲಿ ಹತ್ತಾರು ದೇಶಗಳಲ್ಲಿರುತ್ತವೆ. ಹೀಗಿರುವಾಗ ಯಂತ್ರದ ಸ್ಥಳವನ್ನು ನೋಡಿ ತಾಣದ ಕುಲಗೋತ್ರವನ್ನು ನಿರ್ಣಯಿಸಲಾಗದು.

ಇದು ಡೆಂಕಣಿಕೋಟೆಯವರಿಗೆ ಅರ್ಥವಾಗದ ಮಾತೇನಲ್ಲ. ನಮ್ಮ ತಾಲ್ಲೂಕಿನ ಕಡತಗಳು 1965ರವರೆಗೆ ಸೇಲಂ ಜಿಲ್ಲಾ ಕಚೇರಿಯಲ್ಲಿದ್ದವು. ಆ ವರ್ಷ ಧರ್ಮಪುರಿ ಜಿಲ್ಲೆಯಾದ ಮೇಲೆ ಅಲ್ಲಿಗೆ ಹೋದವು. 2004ರಲ್ಲಿ ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾದಾಗ ಮತ್ತೊಮ್ಮೆ ಸ್ಥಳ ಬದಲಾಯಿಸಿದವು. ಕಡತವಿದ್ದ ಊರು ಮೂರಾದರೂ ಬೇಟರಾಯಸ್ವಾಮಿಯ ತೇರು ಎಳೆಯುವ ಜನ ಮನೆಯಲ್ಲಿ ಆಡುವ ಭಾಷೆ ಅದರಿಂದ ಬದಲಾಗಲಿಲ್ಲ. ಜಾಲತಾಣದ ಯಂತ್ರವೂ ಕಡತವಿರುವ ಕಚೇರಿಯಂತೆ.

ದೇಶವನ್ನು ಸೂಚಿಸುವ ಗುರುತುಗಳಲ್ಲಿ ಡೊಮೈನಿನ ಕೊನೆಯ ಭಾಗ ಬಲವಾದುದು. ಡಾಟ್ ಇನ್ ಎಂದಿದ್ದರೆ ಈ ತಾಣ ಭಾರತಕ್ಕೆ ಸಂಬಂಧಿಸಿದ್ದೆಂದು ಶೋಧಯಂತ್ರ ತಿಳಿಯುತ್ತದೆ. ಯಂತ್ರ ಅಮೆರಿಕದಲ್ಲಿದ್ದರೂ ಇದಕ್ಕೆ ಬಾಧೆಯಿಲ್ಲ. ಪುಟದಲ್ಲಿ ಬರೆದಿರುವ ಅಂಚೆ ವಿಳಾಸ, ದೂರವಾಣಿ ಸಂಖ್ಯೆ, ಬಳಸಿದ ಭಾಷೆ, ಈ ಪ್ರದೇಶದ ಇತರ ತಾಣಗಳಿಂದ ಬಂದ ಕೊಂಡಿಗಳು, ಇವೂ ಗುರುತುಗಳೇ. ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಡಾಟ್ ಇನ್ ಎಂಬುದು ಇಡೀ ದೇಶದ ಗುರುತು. ಕರ್ನಾಟಕಕ್ಕೊಂದು, ತಮಿಳುನಾಡಿಗೊಂದು ಎಂಬ ಭೇದ ಅದರಲ್ಲಿಲ್ಲ. ಆದುದರಿಂದ ಯಂತ್ರವನ್ನು ಚೆನ್ನೈಯ ಬದಲು ಬೆಂಗಳೂರಿನಲ್ಲಿ ಇಟ್ಟರೆ ಕರ್ನಾಟಕದವರಿಗೆ ಮೇಲೆ ಕಾಣಿಸುತ್ತದೆಂಬ ನಿರೀಕ್ಷೆಗೆ ಆಧಾರವಿಲ್ಲ.

ಹಾಗಾದರೆ ಸ್ಥಳಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ಬೇರೆ ಎರಡು ಸ್ಥಳಗಳಿಗೆ. ಹುಡುಕುವವನು ಎಲ್ಲಿ ಕುಳಿತಿದ್ದಾನೆಂಬುದು ಒಂದು. 2017ರ ಅಕ್ಟೋಬರಿನಿಂದ ಗೂಗಲ್ ತನ್ನ ಯಾವ ದೇಶದ ವಿಳಾಸದಲ್ಲಿ ಪ್ರಶ್ನೆ ಕೇಳಿದರೆಂಬುದನ್ನು ಬಿಟ್ಟು, ಕೇಳಿದವರು ಇರುವ ಸ್ಥಳವನ್ನೇ ನೋಡಿ ಉತ್ತರ ಕೊಡುತ್ತಿದೆ. ಶಾಲೆ ನಿಜವಾಗಿ ಎಲ್ಲಿದೆಯೆಂಬುದು ಇನ್ನೊಂದು. ಹತ್ತಿರದ ಶಾಲೆ, ಆಸ್ಪತ್ರೆ, ಅಂಗಡಿಗಳನ್ನು ನಕ್ಷೆಯೊಂದಿಗೆ ತೋರಿಸುವಾಗ ಗೂಗಲ್ ಮೂರನ್ನು ಪರಿಗಣಿಸುತ್ತದೆ: ಪ್ರಶ್ನೆಗೆ ಹೊಂದಿಕೆ, ದೂರ, ಮತ್ತು ಪ್ರಸಿದ್ಧಿ. ಇಲ್ಲಿ ದೂರವೆಂದರೆ ಹುಡುಕುವವರಿಗೂ ಶಾಲೆಗೂ ನಡುವಿನ ದೂರ. ಸರ್ವರಿನ ದೂರ ಅದರಲ್ಲಿ ಸೇರುವುದಿಲ್ಲ. ಆದ್ದರಿಂದ ನಕ್ಷೆಯಲ್ಲಿ ಶಾಲೆಯ ಗುರುತನ್ನು ಸರಿಯಾದ ಸ್ಥಳದಲ್ಲಿ, ಸರಿಯಾದ ಹೆಸರಿನಲ್ಲಿ ನೋಂದಾಯಿಸುವುದು ಸರ್ವರನ್ನು ಆರಿಸುವುದಕ್ಕಿಂತ ಮುಖ್ಯ. ಅದಕ್ಕೆ ಹಣವನ್ನೂ ಕೊಡಬೇಕಾಗಿಲ್ಲ.

ದೂರ ಮತ್ತು ವೇಗ

ಯಂತ್ರದ ಸ್ಥಳ ಪರೋಕ್ಷವಾಗಿ ಕೆಲಸ ಮಾಡುವುದು ವೇಗದ ಮೂಲಕ. ಪುಟ ತೆರೆಯುವ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಾಗಿ ಗೂಗಲ್ 2010ರಲ್ಲಿ ಪ್ರಕಟಿಸಿತು. 2018ರಿಂದ ಮೊಬೈಲ್ ಫೋನುಗಳಲ್ಲಿ ಹುಡುಕುವುದಕ್ಕೂ ಅದನ್ನು ಅನ್ವಯಿಸಿತು. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಣ್ಣಿಗೆ ಬಿದ್ದರೆ ಒಳ್ಳೆಯದೆಂಬುದು ಅದರ ಮಾನದಂಡ. ಇದನ್ನು ಅಳೆಯುವುದು ನಿಜವಾದ ಓದುಗರ ಅನುಭವದಿಂದ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡೋಣ. ಹಳೆಯ ವಿದ್ಯಾರ್ಥಿಗಳು ಲೆಕ್ಕಕ್ಕೆ ಹೆದರಬಾರದು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ವರ್ಜೀನಿಯಾ ನಮಗೆ ನೇರ ದೂರದಲ್ಲಿಯೇ ಸುಮಾರು 14,000 ಕಿ.ಮೀ. ಹೋಗಿ ಬರಲು 28,000 ಕಿ.ಮೀ.; ಅಂದರೆ 140 ಮಿಲಿಸೆಕೆಂಡು. ಸಮುದ್ರದಡಿಯ ತಂತಿಗಳು ಸುತ್ತಿ ಬಳಸಿ ಹೋಗುವುದರಿಂದ ನಿಜವಾದ ಕಾಲ ಇನ್ನೂ ಹೆಚ್ಚು. ಮುಂಬೈ ಸುಮಾರು 900 ಕಿ.ಮೀ.; ಹೋಗಿ ಬರಲು 9 ಮಿಲಿಸೆಕೆಂಡು. ಸುರಕ್ಷಿತ ಸಂಪರ್ಕ ಏರ್ಪಟ್ಟು ಪುಟದ ಮೊದಲ ಭಾಗ ಬರಲು ಸಾಮಾನ್ಯವಾಗಿ ಮೂರು ಸಲ ಹೋಗಿ ಬರಬೇಕಾಗುತ್ತದೆಂದು ಇಟ್ಟುಕೊಂಡರೆ, ಅಮೆರಿಕದಿಂದ 420 ಮಿಲಿಸೆಕೆಂಡು, ಮುಂಬೈಯಿಂದ 27 ಮಿಲಿಸೆಕೆಂಡು. ವ್ಯತ್ಯಾಸ ಸುಮಾರು ಅರ್ಧ ಸೆಕೆಂಡು ಎನ್ನೋಣ.

ಈಗ ಇನ್ನೊಂದು ಲೆಕ್ಕ. ವಾರ್ಷಿಕೋತ್ಸವದ ಒಂದು ಫೋಟೋವನ್ನು ಫೋನಿನಲ್ಲಿ ತೆಗೆದು ಹಾಗೆಯೇ ಪುಟದಲ್ಲಿ ಹಾಕಿದರೆ ಅದರ ತೂಕ 5 ಮೆಗಾಬೈಟ್ ಇರಬಹುದು, ಅಂದರೆ 40 ಮೆಗಾಬಿಟ್. ಹಳ್ಳಿಯಲ್ಲಿ ಸಿಗ್ನಲ್ ಕ್ಷೀಣವಾಗಿ ಸೆಕೆಂಡಿಗೆ 4 ಮೆಗಾಬಿಟ್ ಮಾತ್ರ ಬರುತ್ತಿದ್ದರೆ ಆ ಒಂದು ಚಿತ್ರಕ್ಕೆ 10 ಸೆಕೆಂಡು ಬೇಕು. ಅದೇ ಚಿತ್ರವನ್ನು 200 ಕಿಲೋಬೈಟಿಗೆ ಇಳಿಸಿದರೆ ಅರ್ಧ ಸೆಕೆಂಡಿಗಿಂತಲೂ ಕಡಿಮೆ ಸಾಕು. ಯಂತ್ರವನ್ನು ಅಮೆರಿಕದಿಂದ ಮುಂಬೈಗೆ ತಂದರೆ ಉಳಿಯುವುದು ಅರ್ಧ ಸೆಕೆಂಡು. ಚಿತ್ರವನ್ನು ಕಿರಿದುಗೊಳಿಸಿದರೆ ಉಳಿಯುವುದು ಒಂಬತ್ತೂವರೆ ಸೆಕೆಂಡು. ಮೊದಲು ಯಾವುದನ್ನು ಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಅರ್ಧ ಸೆಕೆಂಡನ್ನೂ ಉಳಿಸುವ ಉಪಾಯವೊಂದಿದೆ. ತಾಣದ ಪ್ರತಿಗಳನ್ನು ಹಲವು ಊರುಗಳ ಯಂತ್ರಗಳಲ್ಲಿಟ್ಟು, ಓದುಗನಿಗೆ ಹತ್ತಿರದ ಪ್ರತಿಯನ್ನು ಕೊಡುವ ಸಂಸ್ಥೆಗಳುಂಟು. ಉದಾಹರಣೆಗೆ, ಕ್ಲೌಡ್‌ಫ್ಲೇರ್ ಎಂಬ ಸಂಸ್ಥೆ 2015ರಲ್ಲಿ ಮುಂಬೈ, ಚೆನ್ನೈ ಮತ್ತು ದೆಹಲಿಗಳಲ್ಲಿ ಇಂಥ ಯಂತ್ರಗಳನ್ನು ಸ್ಥಾಪಿಸಿತು. ಸಣ್ಣ ತಾಣಗಳಿಗೆ ಅದರ ಸೇವೆ ಉಚಿತವಾಗಿಯೂ ದೊರೆಯುತ್ತದೆ. ಊರೂರಿಗೆ ಶಾಖಾ ಗ್ರಂಥಾಲಯವಿದ್ದ ಹಾಗೆ.

ಎಲ್ಲಿದ್ದರೂ ಯಂತ್ರ ಸದಾ ಎಚ್ಚರವಾಗಿರಬೇಕೆಂಬುದನ್ನು ಮಾತ್ರ ಮರೆಯಬಾರದು. ಶೋಧಯಂತ್ರದ ತಂತ್ರಾಂಶ ಬಂದಾಗಲೆಲ್ಲ ಬಾಗಿಲು ಮುಚ್ಚಿದ್ದರೆ ಅದು ಬರುವುದನ್ನೇ ಕಡಿಮೆ ಮಾಡುತ್ತದೆ. ಬಹಳ ದಿನ ಮುಚ್ಚಿದ್ದರೆ ಸೂಚಿಯಿಂದ ಪುಟವನ್ನೇ ತೆಗೆದುಹಾಕುತ್ತದೆ.

ಅಕ್ಷರವೇ ಗುರುತು

ನಮ್ಮ ಶಾಲೆಗೆ ಇದಕ್ಕಿಂತ ಮಹತ್ವದ ವಿಷಯ ಭಾಷೆಯದು. ಪುಟ ಯಾವ ಭಾಷೆಯಲ್ಲಿದೆಯೆಂಬುದನ್ನು ಗೂಗಲ್ ಕಂಡುಕೊಳ್ಳುವುದು ಪುಟದಲ್ಲಿ ಕಾಣುವ ಬರಹದಿಂದ. ಜಗತ್ತಿನ ಲಿಪಿಗಳಿಗೆಲ್ಲ ಸಾಮಾನ್ಯವಾದ ಯೂನಿಕೋಡ್ ಎಂಬ ಪದ್ಧತಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯುಂಟು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಕನ್ನಡದ ‘ಕ’ ಅಕ್ಷರದ ಸಂಖ್ಯೆ 3221. ತೆಲುಗಿನ ‘ಕ’ 3093. ತಮಿಳಿನ ‘ಕ’ 2965. ಮೂರು ಭಾಷೆಗಳೂ ಒಂದೇ ಬೀದಿಯಲ್ಲಿ ಕೇಳಿಬರುವ ನಮ್ಮ ಊರಿನಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಯಂತ್ರ ಚೆನ್ನೈಯಲ್ಲಿರಲಿ, ಚಿಕಾಗೋದಲ್ಲಿರಲಿ, 3221 ಎಂಬುದು ಕನ್ನಡದ ‘ಕ’ವೇ.

ಆದರೆ ಒಂದು ತೊಡಕಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು, ಮತ್ತು ಬಂದ ಮೇಲೂ ಬಹುಕಾಲ, ಕನ್ನಡವನ್ನು ಗಣಕದಲ್ಲಿ ಅಚ್ಚುಮಾಡುತ್ತಿದ್ದ ಕ್ರಮ ಬೇರೆ. 1998ರಲ್ಲಿ ಬಂದ ‘ಬರಹ’, ತರುವಾಯ ಬಂದ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮುಂತಾದ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ರೂಪಗಳನ್ನು ಕೂಡಿಸಲಾಗಿತ್ತು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹಳೆಯ ವರದಿಗಳು, ಆಮಂತ್ರಣಗಳು, ವಾರ್ಷಿಕ ಸಂಚಿಕೆಗಳು ಆ ರೀತಿಯಲ್ಲಿದ್ದರೆ ಹಾಗೆಯೇ ತಾಣಕ್ಕೆ ಏರಿಸಿ ಪ್ರಯೋಜನವಿಲ್ಲ; ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕಗಳು ಈಗ ಸುಲಭವಾಗಿ ಸಿಗುತ್ತವೆ. ಹಾಗೆಯೇ ಬರಹದ ಫೋಟೋ ತೆಗೆದು ಹಾಕುವುದಕ್ಕಿಂತ ಬರಹವನ್ನೇ ಬೆರಳಚ್ಚು ಮಾಡಿಸಿ ಹಾಕುವುದು ಲೇಸು.

ಊರಿನ ಹೆಸರಿನ ಪ್ರಶ್ನೆ

ಹೆಸರನ್ನು ಹುಡುಕುವವರು ಎಲ್ಲರೂ ಒಂದೇ ರೀತಿ ಬರೆಯುವುದಿಲ್ಲ. ನಮಗೆ ಡೆಂಕಣಿಕೋಟೆ, ತಮಿಳಿನಲ್ಲಿ ತೇನ್‌ಕನಿಕ್ಕೋಟ್ಟೈ, ಇಂಗ್ಲಿಷಿನಲ್ಲಿ ಬರೆಯುವಾಗ ‘ಡ’ಕಾರದಿಂದಲೂ ‘ತ’ಕಾರದಿಂದಲೂ ಆರಂಭಿಸುವವರುಂಟು, ‘ಕೋಟ’ ಎನ್ನುವವರುಂಟು, ‘ಕೊಟ್ಟೈ’ ಎನ್ನುವವರುಂಟು. ಶೋಧಯಂತ್ರವು ಇವುಗಳಲ್ಲಿ ಕೆಲವನ್ನು ಒಂದೇ ಎಂದು ತಿಳಿಯಬಹುದು. ಎಲ್ಲವನ್ನೂ ತಿಳಿದೀತೆಂದು ನಂಬಿ ಕೂರಬಾರದು. ತಾಣದ ಪರಿಚಯ ಪುಟದಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರು ಲಿಪಿಗಳಲ್ಲಿಯೂ ಊರಿನ ಹೆಸರು ಸಹಜವಾಗಿ ಬಂದಿರಬೇಕು.

ಹೊಸೂರಿನ ಪಾಡು ಇನ್ನೂ ಕಷ್ಟ. ಕರ್ನಾಟಕದಲ್ಲಿ ಹೊಸೂರು ಎಂಬ ಹೆಸರಿನ ಊರುಗಳು ಎಷ್ಟೋ ಇವೆ. ಹುಬ್ಬಳ್ಳಿಯಲ್ಲಿಯೇ ಒಂದು ಹೊಸೂರು ಇದೆ. ‘ಹೊಸೂರು ಕನ್ನಡ ಶಾಲೆ’ ಎಂದು ಕೇಳಿದವನಿಗೆ ಅವುಗಳಲ್ಲಿ ಯಾವುದಾದರೂ ಸಿಗಬಹುದು. ‘ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ, ಡೆಂಕಣಿಕೋಟೆ ತಾಲ್ಲೂಕು, ಹೊಸೂರಿನ ಸಮೀಪ’ ಎಂದು ಸ್ಪಷ್ಟವಾಗಿ ಬರೆದರೆ ಮಾತ್ರ ನಮ್ಮನ್ನು ಹುಡುಕಿದವರಿಗೆ ನಾವು ಸಿಗುತ್ತೇವೆ.

ಇದರೊಂದಿಗೆ ತಂದೆತಾಯಿಗಳ ಮನಸ್ಸಿನಲ್ಲಿರುವ ಪ್ರಶ್ನೆಗಳಿಗೂ ಪುಟದಲ್ಲಿ ಉತ್ತರವಿರಬೇಕು. ಯಾವ ತರಗತಿಯಿಂದ ಯಾವ ತರಗತಿಯವರೆಗೆ ಕನ್ನಡ ಮಾಧ್ಯಮವಿದೆ? 2006ರ ತಮಿಳು ಕಲಿಕಾ ಕಾಯಿದೆಯ ತರುವಾಯ ಮಕ್ಕಳು ತಮಿಳನ್ನೂ ಕಲಿಯಬೇಕಾಗಿರುವುದರಿಂದ ಇಲ್ಲಿ ಭಾಷೆಗಳ ಏರ್ಪಾಡು ಹೇಗಿದೆ? ಇಂಗ್ಲಿಷನ್ನು ಎಂದಿನಿಂದ ಕಲಿಸುತ್ತಾರೆ? ಬಸ್ಸಿನ ಅನುಕೂಲವೇನು? ಇಲ್ಲಿ ಓದಿದವರು ಮುಂದೆ ಏನಾಗಿದ್ದಾರೆ? ಇವುಗಳಿಗೆ ನೇರವಾದ, ಸತ್ಯವಾದ ಉತ್ತರ ಬೇರೆಲ್ಲಿಯೂ ಇಲ್ಲದಿದ್ದಾಗ, ಅದನ್ನು ಕೊಡುವ ಪುಟವನ್ನೇ ಶೋಧಯಂತ್ರ ಮುಂದಿಡುತ್ತದೆ. ಗಡಿನಾಡಿನ ಕನ್ನಡದ ಬಗ್ಗೆ ಅಂತರ್ಜಾಲದಲ್ಲಿ ಬರಹ ವಿರಳ. ಆ ವಿರಳತೆ ದುಃಖದ ಸಂಗತಿಯಾದರೂ, ಬರೆಯುವವರಿಗೆ ಅದರಿಂದ ಒಂದು ಅನುಕೂಲವೂ ಇದೆ: ಪೈಪೋಟಿಯಿಲ್ಲ.

ನಾವು ಮಾಡಬಹುದಾದುದು

ಮೇಲಿನ ವಿವರಣೆಯಿಂದ ಹೊರಡುವ ಕೆಲವು ಸಲಹೆಗಳನ್ನು ಸಮಿತಿಯ ಮುಂದೆ ವಿನಯಪೂರ್ವಕವಾಗಿ ಇಡುತ್ತೇನೆ.

1. ಡಾಟ್ ಇನ್ ಎಂದು ಕೊನೆಗೊಳ್ಳುವ ವಿಳಾಸವನ್ನು ಶಾಲೆಯ ಹೆಸರಿನಲ್ಲಿಯೇ ನೋಂದಾಯಿಸಬೇಕು. ಒಬ್ಬ ವ್ಯಕ್ತಿಯ ಹೆಸರಿನಲ್ಲಿದ್ದರೆ, ಅವರು ನವೀಕರಿಸಲು ಮರೆತ ದಿನ ಅದು ಕೈತಪ್ಪಿ ಹೋಗಬಹುದು. ನವೀಕರಣದ ದಿನಾಂಕವನ್ನು ಶಾಲೆಯ ದಾಖಲೆಯಲ್ಲಿ ಬರೆದಿಡಬೇಕು.

2. ಯಂತ್ರವು ಭಾರತದಲ್ಲಿ ಅದೇ ಬೆಲೆಗೆ ದೊರೆತರೆ ಒಳ್ಳೆಯದು. ಮಕ್ಕಳೂ ತಂದೆತಾಯಿಗಳೂ ಇಲ್ಲಿಯವರಾದುದರಿಂದ ಪುಟ ಬೇಗ ತೆರೆಯುತ್ತದೆ. ಆದರೆ ಗೂಗಲಿನಲ್ಲಿ ಮೇಲಿನ ಸ್ಥಾನ ಸಿಗುತ್ತದೆಂಬ ಮಾತಿಗಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ಪರದೇಶದಲ್ಲಿರುವ ನಮ್ಮವರು ಪ್ರೀತಿಯಿಂದ ಕೊಡುವ ಸ್ಥಳವನ್ನು ಸ್ವೀಕರಿಸಿದರೂ ಕೇಡಿಲ್ಲ.

3. ಬರಹವೆಲ್ಲ ಯೂನಿಕೋಡ್ ಕನ್ನಡದಲ್ಲಿರಬೇಕು. ಚಿತ್ರಗಳನ್ನು ಕಿರಿದುಗೊಳಿಸಿ, ಪ್ರತಿಯೊಂದರ ಕೆಳಗೂ ವರ್ಷ ಮತ್ತು ಸಂದರ್ಭವನ್ನು ಬರೆಯಬೇಕು.

4. ಗೂಗಲ್ ನಕ್ಷೆಯಲ್ಲಿ ಶಾಲೆಯ ಸ್ಥಳ, ಹೆಸರು, ವೇಳೆಗಳನ್ನು ನೋಂದಾಯಿಸಬೇಕು.

5. ಹೊಸೂರು, ತಳಿ, ಬೆಂಗಳೂರು ಮೊದಲಾದ ಕಡೆಗಳ ಕನ್ನಡ ಸಂಘಗಳೂ, ತಮ್ಮದೇ ತಾಣವುಳ್ಳ ಹಳೆಯ ವಿದ್ಯಾರ್ಥಿಗಳೂ ಶಾಲೆಯ ತಾಣಕ್ಕೆ ಒಂದು ಕೊಂಡಿ ಕೊಡಬೇಕೆಂದು ಕೇಳಿಕೊಳ್ಳಬೇಕು. ಕಾಸರಗೋಡಿನ ಕನ್ನಡ ಶಾಲೆಗಳೊಡನೆಯೂ ಇಂಥ ಕೊಡುಕೊಳ್ಳುವಿಕೆ ಸಾಧ್ಯ.

6. ವರ್ಷಕ್ಕೆ ಒಮ್ಮೆಯಾದರೂ ಹೊಸ ಬರಹ ಸೇರಬೇಕು. ಉದ್ಘಾಟನೆಯ ದಿನದ ಫೋಟೋಗಳೊಂದಿಗೆ ನಿಂತುಹೋದ ತಾಣ ಸುಣ್ಣ ಬಳಿಯದ ಗೋಡೆಯಂತೆ ಕಾಣುತ್ತದೆ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಸರ್ವರ್ ಬಾಡಿಗೆಗೆ ಹಣ ಕೊಟ್ಟವರಿಗೆ ಶಾಲೆ ಋಣಿ. ಆದರೆ ಶೋಧಯಂತ್ರ ಓದುವುದು ಬರಹವನ್ನು. ಶಾಲೆಯ ಐವತ್ತು ವರ್ಷಗಳ ಕಥೆ ಇನ್ನೂ ನಿಮ್ಮ ನೆನಪಿನಲ್ಲಿ ಮಾತ್ರ ಇದೆ: ನಿಮಗೆ ಕಲಿಸಿದ ಉಪಾಧ್ಯಾಯರು, ನೀವು ಆಡಿದ ನಾಟಕ, ನಡೆದು ಬಂದ ಹಳ್ಳಿಯ ದಾರಿ, ಓದಿದ ವರ್ಷ. ಒಬ್ಬೊಬ್ಬರು ಎರಡು ಪುಟದಷ್ಟು, ಶುದ್ಧವಾಗಿ, ಕನ್ನಡದಲ್ಲಿ ಬರೆದು ಕಳುಹಿಸಿ. ವರ್ಷಗಳನ್ನು ಪರಿಶೀಲಿಸಿ ಬರೆಯಿರಿ. ನೂರು ಮಂದಿ ಬರೆದರೆ ಇನ್ನೂರು ಪುಟಗಳಾದವು. ಆಗ ಈ ಗಡಿಯಲ್ಲಿ ಕನ್ನಡ ಶಾಲೆಯನ್ನು ಹುಡುಕುವ ತಾಯಿಯೊಬ್ಬಳಿಗೆ ನಮ್ಮ ಹೆಸರು ಕಾಣಿಸುವುದರಲ್ಲಿ ಸಂದೇಹವಿಲ್ಲ. ಯಂತ್ರ ಎಲ್ಲಿದೆಯೆಂದು ಆಕೆ ಕೇಳುವುದೂ ಇಲ್ಲ.